ಎರಡೂ ಕಂಪ್ಯೂಟರ್ ಕೊಟ್ಟ ಒಂದೇ ಉತ್ತರ

ಗೆಳೆಯರೇ, ನೇಕಾರರಾದ ನನ್ನ ಸೋದರಮಾವ ಇಂದು ಇಳಕಲ್ಲಿನಿಂದ ಬಾಗಲಕೋಟೆಯ ನಮ್ಮ ಕಾಲೇಜಿಗೆ ಬಂದಿದ್ದರು. ನಾಳೆ ಮಗ್ಗಕ್ಕೆ ಹೂಡಬೇಕಾದ ಹೊಸ ಸೀರೆಯ ಅಗಲಕ್ಕೆ ಎಷ್ಟು ಎಳೆ ಬೇಕೆಂದು, ಪ್ಯಾಸ್ಕಲ್ ಭಾಷೆಯಲ್ಲಿ ನಾನು ಬರೆದ ಪ್ರೋಗ್ರಾಂನಲ್ಲಿ ಲೆಕ್ಕ ಹಾಕಿಕೊಟ್ಟೆ.

ಉತ್ತರ ನೋಡಿ ನಕ್ಕರು. "ಇಷ್ಟ ಎಳಿ ಹಾಕಿದ್ರ ಸೀರಿ ಮೊಣಕಾಲಿಗೇ ನಿಂದರ್ತೈತಿ."

"ಮಷಿನ್ ಹಳೇದೈತ್ರಿ ಮಾಮಾ," ಎಂದೆ.

ಒಂದೇ ಪ್ರೋಗ್ರಾಮನ್ನು ಬೇರೆ ಬೇರೆ ಬಗೆಯ ಕಂಪ್ಯೂಟರ್‌ಗಳಿಗೆ ಹೊಂದಿಸಿಕೊಡುವ ಕಂಪೈಲರ್ ಕಿಟ್ ನಮ್ಮಲ್ಲಿದೆ. ಅದರಿಂದ ಪಕ್ಕದ ಹೊಸ ಕಂಪ್ಯೂಟರಿಗೂ ಹೊಂದಿಸಿ ಓಡಿಸಿದೆ. ಅದೇ ಉತ್ತರ ಬಂತು.

"ಎರಡೂ ಅದನ್ನ ಹೇಳಾಕತ್ತಾವಂದ್ರ ತಪ್ಪು ನಿಂದ ಐತಿ," ಎಂದರು ಮಾವ.

ನಿಜ. ಸೀರೆಯ ಅಂಚಿನ ಎಳೆಗಳನ್ನೇ ನಾನು ಕೂಡಿಸಿರಲಿಲ್ಲ. ನಾಚಿಕೆಯಿಂದ ತಿದ್ದಿಕೊಟ್ಟೆ.

ಕಂಪ್ಯೂಟರ್ ಬಹಳ ಪ್ರಾಮಾಣಿಕ ಎಂದು ಮಾವ ಊರಿಗೆಲ್ಲ ಹೇಳುತ್ತಾರಂತೆ. ನನ್ನ ವಿಷಯ ಎತ್ತುವುದಿಲ್ಲವೆಂದು ಮಾತು ಕೊಟ್ಟು ಬಸ್ ಹತ್ತಿದರು.