ದೊಡ್ಡಪ್ಪನ ಪಾಲಿನ ತೊಡೆ

ಅಪ್ಪನ ರಕ್ತಪರೀಕ್ಷೆಗೆಂದು ಖಾಲಿ ಹೊಟ್ಟೆಯಲ್ಲಿ ಹೊರಟಿದ್ದೆವು. ಹಳೆಯ ರಿಪೋರ್ಟುಗಳ ಬಟ್ಟೆಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಸ್ಕೂಟರಿನ ಹಿಂದೆ ಕುಳಿತಿದ್ದ ಅಪ್ಪ, ಎಂದಿನಂತೆ ನಾನು ಗಾಡಿ ಓಡಿಸುವುದರಲ್ಲಿ ತಪ್ಪು ಹುಡುಕುತ್ತಿದ್ದ. ಅಮೃತಹಳ್ಳಿ ದಾಟಿ ಹೆದ್ದಾರಿಯ ಸರ್ವಿಸ್ ರೋಡಿಗೆ ಬಂದಿದ್ದೆವಷ್ಟೆ, ಭುಜ ಹಿಡಿದು ನಿಲ್ಲಿಸು ಅಂದ. ರಸ್ತೆಯ ಅಂಚಿನ ಕಲ್ಲಿಗೆ ಒತ್ತಿಕೊಂಡು ಒಂದು ಮೊಲ ಬಿದ್ದಿತ್ತು.

ಈ ಕಡೆ ಮೊಲ ನೋಡಿ ಎಷ್ಟು ವರ್ಷವಾಗಿತ್ತೋ. ಬೇಲಿಯಾಚೆ ಇನ್ನೂ ಉಳಿದಿದ್ದ ಒಂದಿಷ್ಟು ಕುರುಚಲಿನಿಂದ ಹೊರಗೆ ಬಂದು, ನಸುಕಿನಲ್ಲಿ ರಸ್ತೆ ಖಾಲಿಯಿದೆಯೆಂದು ನಂಬಿ ದಾಟಲು ಹೊರಟಿರಬೇಕು. ಅಪ್ಪನ ಮಂಡಿನೋವು ಮೊಲ ಕಂಡರೆ ಮಾಯವಾಗುತ್ತದೆ ಅಂತ ನನಗೆ ಅವತ್ತು ಗೊತ್ತಾಯಿತು. ಇಳಿದವನೇ ಕುಕ್ಕರುಗಾಲಲ್ಲಿ ಕೂತು ಮೊಲದ ಕಣ್ಣು ನೋಡಿದ. ಕಣ್ಣು ಒಳಗೆ ಹೋಗಿರಲಿಲ್ಲ, ಹೊಳಪಿತ್ತು. ಬೆನ್ನಿನ ಕೂದಲು ಹಿಡಿದೆಳೆದ, ಕಿತ್ತು ಬರಲಿಲ್ಲ. ಹೊಟ್ಟೆ ಒತ್ತಿ ನೋಡಿ ಕರುಳು ಒಡೆದಿಲ್ಲ ಅಂದ. ಒಂದು ಹಿಂಗಾಲು ಮುರಿದಿತ್ತು, ಪಕ್ಕೆ ಜಜ್ಜಿತ್ತು. ಕೊನೆಗೆ ಅದರ ಎದೆಗೆ ಕಿವಿಯಿಟ್ಟ. ಹಿಂದಿನಿಂದ ಬಂದವರೆಲ್ಲ ಹಾರನ್ ಹೊಡೆದು ನಮ್ಮನ್ನು ಬೈದುಕೊಂಡು ಹೋಗುತ್ತಿದ್ದರು.

"ಉಸಿರೈತೆ," ಅಂದ.

ನನಗೇನೂ ಕಾಣಲಿಲ್ಲ. ರಿಪೋರ್ಟುಗಳನ್ನೆಲ್ಲ ನನ್ನ ಕೈಗೆ ತುರುಕಿ ಮೊಲವನ್ನು ಚೀಲದೊಳಕ್ಕೆ ಇಳಿಸಿದ. ಇದನ್ನು ಮುಟ್ಟಿದರೆ ಕೇಸಾಗುತ್ತದೆ ಅಂದೆ. ಗುದ್ದಿಹೋದವನನ್ನು ಮೊದಲು ಹಿಡಿಯಲಿ ಅಂದ. ಪರೀಕ್ಷೆ ಅಂದೆ. ಅದು ನಾಳೆಯೂ ಆಗುತ್ತದೆ, ಇದು ಅಣ್ಣನ ಪಾಲು, ಬೇಗ ಮನೆಗೆ ನಡಿ ಅಂದ.

ಅಣ್ಣ ಅಂದರೆ ನನ್ನ ದೊಡ್ಡಪ್ಪ. ಹೆದ್ದಾರಿಯ ಆಚೆ ಬದಿ ಅವನ ಮನೆ, ಈಚೆ ಬದಿ ನಮ್ಮದು. ಮಧ್ಯದ ರಸ್ತೆ, ಮೆಟ್ರೊ ಕಂಬ ಎಲ್ಲ ಒಂದು ಕಾಲದಲ್ಲಿ ನಮ್ಮ ರಾಗಿ ಹೊಲವಿದ್ದ ಜಾಗ. ರಸ್ತೆಗೆ ಹೋಗಿ ಉಳಿದ ತುಂಡನ್ನು ದೊಡ್ಡಪ್ಪ ಲೇಔಟಿನವರಿಗೆ ಕೊಟ್ಟಾಗ ತಾತನ ಸಮಾಧಿಯೂ ಅದರೊಳಗೆ ಹೋಯಿತು. ಜೆಸಿಬಿ ಬಂದು ಸಮಾಧಿ ಕಿತ್ತ ದಿನ ಅಪ್ಪ ನಡುಬೀದಿಯಲ್ಲಿ ನಿಂತು, ಒಡಹುಟ್ಟಿದ ಅಣ್ಣನನ್ನು ಹೆಣ ತಿನ್ನೋನು ಅಂದುಬಿಟ್ಟ. ಊರೆಲ್ಲ ಕೇಳಿಸಿಕೊಂಡಿತು. ಅವತ್ತಿನಿಂದ ಒಬ್ಬರ ಮನೆಯ ನೀರನ್ನು ಇನ್ನೊಬ್ಬರು ಮುಟ್ಟಿಲ್ಲ. ಅಮ್ಮ ಸತ್ತಾಗಲೂ ದೊಡ್ಡಪ್ಪ ಗೇಟಿನ ಹೊರಗೆ ನಿಂತು ನೋಡಿ ಹೋದ.

ವಯಸ್ಸಾಗುತ್ತ ಅಪ್ಪನಿಗೆ ಉಳಿದದ್ದು ಒಂದೇ ಹಂಬಲ. ಇಬ್ಬರಲ್ಲೊಬ್ಬರು ಹೋಗುವುದರೊಳಗೆ ಅಣ್ಣ ತನ್ನ ಕೈಯಿಂದ ಬಂದ ಒಂದು ತುತ್ತು ತಿನ್ನಬೇಕು. ಯುಗಾದಿಗೆ ಒಬ್ಬಟ್ಟು ಕಳಿಸಿದ, ವಾಪಸು ಬಂತು. ಮಾರನೇ ದಿನ ಹೊಸತೊಡಕಿಗೆ ಬಾಡು ಕಳಿಸಿದ, ಅದೂ ಬಂತು.

ಬೇಟೆಯ ಪಾಲಿನ ಮಾತು ಮಾತ್ರ ಬೇರೆ. ಕೆರೆಯಂಗಳದಲ್ಲಿ ಬಲೆ ಕಟ್ಟಿ ಮೊಲ ಹಿಡಿಯುತ್ತಿದ್ದ ಕಾಲದಲ್ಲಿ, ಎಷ್ಟೇ ಹಗೆಯಿದ್ದರೂ ಬೇಟೆಯ ಪಾಲನ್ನು ಬೇಡ ಅನ್ನುವ ಹಾಗಿರಲಿಲ್ಲ. ತೊಡೆ ಹಿರಿಯನಿಗೆ. ಬಾಗಿಲಿಗೆ ಬಂದದ್ದನ್ನು ತಿರುಗಿಸಿ ಕಳಿಸಿದರೆ ಮುಂದೆ ಊರಿನ ಬಲೆಗೆ ಏನೂ ಬೀಳುವುದಿಲ್ಲ ಅಂತ ನಂಬಿಕೆ. ಆದರೆ ಅದು ಬೇಟೆಯೇ ಆಗಿರಬೇಕು. ಉಸಿರಿರುವಾಗಲೇ ಕತ್ತು ಕುಯ್ದು ರಕ್ತ ಹರಿದಿರಬೇಕು. ತಾನಾಗಿ ಸತ್ತದ್ದನ್ನು ಕಳಿಸಿದರೆ ಅದು ಪಾಲಲ್ಲ, ಮುಖಕ್ಕೆ ಉಗಿದ ಹಾಗೆ. ಹೊಲ ಹೋಯಿತು, ಬಲೆ ಹೋಯಿತು, ಕೆರೆಗೆ ಬೇಲಿ ಬಿತ್ತು. ಈ ಬಿಂಕವೊಂದು ನಮ್ಮ ಗಂಡಸರ ತಲೆಯಲ್ಲಿ ಕಲ್ಲಿನ ಹಾಗೆ ಕೂತಿದೆ. ನಮ್ಮನ್ನು ಹಾಳುಮಾಡಿದ್ದು ರಸ್ತೆಯೋ ಈ ಬಿಂಕವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮನೆ ಮುಟ್ಟಿದವನೇ ಅಪ್ಪ ಚೂರಿ ಹಿಡಿದು ತಾರಸಿಗೆ ಹತ್ತಿದ. ನೀರಿನ ಟ್ಯಾಂಕಿನ ಪಕ್ಕ ಕೂತು ಕತ್ತು ಕುಯ್ದ. ರಕ್ತ ಹರಿಯಲಿಲ್ಲ. ಹೆಪ್ಪುಗಟ್ಟಿದ್ದ ನಾಲ್ಕು ಹನಿ ಜಾರಿ ಸಿಮೆಂಟಿನ ಮೇಲೆ ಬಿದ್ದವು. ಅಪ್ಪ ನನ್ನ ಮುಖ ನೋಡಲಿಲ್ಲ. ನಾನು ನೋಡಿದೆ ಅಂತ ಅವನಿಗೆ ಗೊತ್ತಿತ್ತು.

ರಕ್ತ ಇನ್ನಾದರೂ ಇಳಿಯಲಿ ಅಂತ ಬಟ್ಟೆ ಒಣಹಾಕುವ ಕಂಬಿಗೆ ಹಿಂಗಾಲು ಕಟ್ಟಿ ತಲೆಕೆಳಗಾಗಿ ನೇತುಹಾಕಿದ. ಹಿಮ್ಮಡಿಯ ಸುತ್ತ ಚರ್ಮ ಕುಯ್ದು, ಮಗುವಿನ ಅಂಗಿ ಕಳಚಿದ ಹಾಗೆ ಕೆಳಕ್ಕೆ ಎಳೆದ. ಸುಲಿದ ಮೇಲೆ ಮೊಲ ಯಾವುದು ಬೆಕ್ಕು ಯಾವುದು ಅಂತ ತಿಳಿಯುವುದಿಲ್ಲವಾದ್ದರಿಂದ, ಸಾಕ್ಷಿಗೆ ಒಂದು ಪಾದದ ತುಪ್ಪಳವನ್ನು ಹಾಗೇ ಬಿಟ್ಟ. ಒಣಗಿದ ಬಟ್ಟೆ ತೆಗೆಯಲು ಬಂದ ಮೇಲ್ಮನೆಯ ಬಾಡಿಗೆ ಹುಡುಗಿ, ಗದಗಿನ ಕಡೆಯವಳು, ಬೆಕ್ಕೇನ್ರಿ ಅಜ್ಜಾರ ಅಂತ ಕೇಳಿ, ಉತ್ತರಕ್ಕೂ ಕಾಯದೆ ಇಳಿದುಹೋದಳು. ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಹೊಟ್ಟೆ ಸೀಳಿ, ಪಿತ್ತ ಒಡೆಯದ ಹಾಗೆ ಎರಡು ಬೆರಳಲ್ಲಿ ಹಿಡಿದು ತೆಗೆದ. ಗಾಡಿಯ ಏಟು ಬಿದ್ದ ಪಕ್ಕೆಯ ಮಾಂಸ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು, ಅಷ್ಟನ್ನೂ ಕೆತ್ತಿ ಎಸೆದ. ಕೀಲು ಹುಡುಕಿ ಹುಡುಕಿ ಬಿಡಿಸಿದ, ಒಂದು ಮೂಳೆಯನ್ನೂ ಕಡಿಯಲಿಲ್ಲ. ಆಮೇಲೆ ಮಾಂಸವನ್ನು ಉಪ್ಪು ಅರಿಶಿನದ ನೀರಿಗೆ ಹಾಕಿ ಹಿಚುಕಿದ. ನೀರು ಕೆಂಪಾಯಿತು, ಚೆಲ್ಲಿದ. ಮತ್ತೆ ಹಾಕಿದ, ಮತ್ತೆ ಚೆಲ್ಲಿದ. ಟ್ಯಾಂಕರ್ ನೀರು ಅಂತ ಒಂದು ಚೊಂಬು ಹೆಚ್ಚಾದರೂ ನನ್ನನ್ನು ಬೈಯುವವನು ಅವತ್ತು ಅರ್ಧ ಡ್ರಮ್ ಖಾಲಿ ಮಾಡಿದ. ಮಾಂಸದ ಕಪ್ಪು ಹೋಗಲಿಲ್ಲ. ಸತ್ತದ್ದನ್ನು ತೊಳೆದು ಬದುಕಿಸಲು ಕೂತಿದ್ದ ಆ ಮುದುಕನನ್ನು ನೋಡುತ್ತ ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಕಳಿಸುವುದು ಬೇಡ, ನಾವೇ ತಿನ್ನೋಣ ಅಂದೆ. ಅವನು ತುಪ್ಪಳದ ಪಾದವಿದ್ದ ತೊಡೆಯನ್ನು ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದ.

"ಉಸಿರಿತ್ತು ಅಂತ ಏಳು ನಿಮ್ ದೊಡ್ಡಪ್ಪಂಗೆ."

ಸ್ಕೈವಾಕ್ ಹತ್ತಿ ಇಳಿದು ಆಚೆ ಬದಿಗೆ ಹೋದೆ. ದೊಡ್ಡಪ್ಪ ಪೋರ್ಟಿಕೋದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದ. ಬೇಟೆ ಪಾಲು ಅಂದೆ. ಅವನ ಕೈ ತಾನಾಗಿಯೇ ಮುಂದೆ ಬಂತು. ಎಲ್ಲಿ ಸಿಕ್ಕಿತು ಅಂದ, ರಸ್ತೆಯಲ್ಲಿ ಅಂದೆ. ಮುಚ್ಚಳ ತೆಗೆದು ತುಪ್ಪಳದ ಮೇಲೆ ಬೆರಳಾಡಿಸಿದ. ಕೀಲಿನ ಕಡೆ ತಿರುಗಿಸಿ ನೋಡಿ, ಅವನೇ ಕುಯ್ದನಾ ಅಂತ ಕೇಳಿದ. ಹೂಂ ಅಂದೆ. ಕೈ ಇನ್ನೂ ಕೆಟ್ಟಿಲ್ಲ ಅಂದ, ಕಣ್ಣಲ್ಲಿ ನೀರಾಡಿತು. ಅಷ್ಟು ವರ್ಷಗಳ ಮೇಲೆ ಆ ಮನೆಯಲ್ಲಿ ಕುರ್ಚಿ ಎಳೆದುಕೊಂಡು ಕೂತೆ. ಎಲ್ಲ ಸರಿಹೋಯಿತು ಅಂತ ನಿಜವಾಗಿ ಅನ್ನಿಸಿತು. ಅಪ್ಪನನ್ನು ಈಗಲೇ ಫೋನ್ ಮಾಡಿ ಕರೆಯಲೇ ಅಂತಲೂ ಯೋಚಿಸಿದೆ.

ಅಷ್ಟರಲ್ಲಿ ದೊಡ್ಡಪ್ಪ ಹಳೇ ಅಭ್ಯಾಸದಂತೆ ತೊಡೆಯ ಒಳಬದಿಯನ್ನು, ಮೂಳೆಯ ಪಕ್ಕ, ಹೆಬ್ಬೆರಳಲ್ಲಿ ಒತ್ತಿದ. ಕಪ್ಪು ರಕ್ತ ಸಣ್ಣಗೆ ಒಸರಿತು. ಅಪ್ಪನ ಉಪ್ಪುನೀರು ಅಷ್ಟು ಒಳಗೆ ಮುಟ್ಟಿರಲಿಲ್ಲ.

"ಕುಯ್ವಾಗ ಉಸಿರಿತ್ತೇನವ್ವ?"

"ಇತ್ತು ಅಂತಾನೆ ಅಪ್ಪ."

"ನಾನ್ ಕೇಳಿದ್ದು ನಿನ್ನ."

ಸುಳ್ಳು ಹೇಳಲು ಬಾಯಿ ತೆರೆದೆ, ಬರಲಿಲ್ಲ. ಅವನು ಮುಚ್ಚಳ ಹಾಕಿ ಡಬ್ಬಿಯನ್ನು ನನ್ನ ಮಡಿಲಲ್ಲಿಟ್ಟ. ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು.

"ಅವತ್ತು ಬಾಯಲ್ಲಿ ಅಂದಿದ್ದ. ಇವತ್ತು ಡಬ್ಬೀಲಿ ಆಕಿ ಕಳ್ಸವ್ನೆ."

ಹಾಗಲ್ಲ ದೊಡ್ಡಪ್ಪ ಅಂದೆ. ಅಪ್ಪ ಮೊಲದ ಎದೆಗೆ ಕಿವಿಯಿಟ್ಟದ್ದು, ಎಷ್ಟೊಂದು ನೀರಲ್ಲಿ ತೊಳೆದದ್ದು, ಎಲ್ಲ ಹೇಳಿದೆ. ಹೇಳಿದಷ್ಟೂ ಕೆಟ್ಟಿತು. ಸತ್ತದ್ದೆಂದು ಗೊತ್ತಿದ್ದೇ ತೊಳೆದು ಕಳಿಸಿದ ಅಂತಾಯಿತು. ದೊಡ್ಡಪ್ಪ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಅಪ್ಪ ಗೇಟಿನಲ್ಲೇ ನಿಂತಿದ್ದ. ನನ್ನ ಕೈಯಲ್ಲಿ ಡಬ್ಬಿ ತೂಗುತ್ತಿದ್ದ ರೀತಿ ನೋಡಿಯೇ ತಿಳಿದುಕೊಂಡ. ಧನಿಯ ಹುರಿದು ಕಾಯಿ ರುಬ್ಬಿ ನಾನೇ ಸಾರು ಮಾಡಿದೆ. ಮುದ್ದೆ ಮುರಿದು ಅಪ್ಪ ಮೊದಲು ಅಣ್ಣನ ಪಾಲಿನ ತೊಡೆಯನ್ನೇ ತಿಂದ. ಮೂಳೆ ಚೀಪಿ ತಟ್ಟೆಯ ಅಂಚಿಗಿಟ್ಟು, ಹೆಣ ತಿನ್ನೋನು ಈಗ ನಾನೇ ಆದೆ ಕಣವ್ವ ಅಂದ. ನಾನೂ ಎರಡು ತುಂಡು ತಿಂದೆ. ತುಂಬ ರುಚಿಯಾಗಿತ್ತು. ಅದು ನನಗೆ ಇನ್ನೂ ಸಂಕಟ ಕೊಡುತ್ತದೆ.

ಅಲ್ಲಿಂದಾಚೆಗೆ ಅಪ್ಪ ದಿನಾ ನಸುಕಿಗೇ ಎದ್ದು, ಚೂರಿಯನ್ನು ಟವಲಿನಲ್ಲಿ ಸುತ್ತಿಕೊಂಡು ಸರ್ವಿಸ್ ರೋಡಿಗೆ ಹೋಗತೊಡಗಿದ. ಗಾಡಿಗೆ ಸಿಕ್ಕಿ ಇನ್ನೂ ಉಸಿರಾಡುತ್ತಿರುವ ಮೊಲ ಬೇಕಿತ್ತು ಅವನಿಗೆ. ಎಂಥ ಆಸೆ ನೋಡಿ. ಮಂಡಿನೋವಲ್ಲಿ ಕುಂಟುವವನನ್ನು ಒಬ್ಬನೇ ಬಿಡಲಾರದೆ ಎಷ್ಟೋ ದಿನ ನಾನೇ ಸ್ಕೂಟರಿನಲ್ಲಿ ಕರೆದುಕೊಂಡು ಹೋದೆ. ನಾಯಿ ಸಿಕ್ಕವು, ಹೆಗ್ಗಣ ಸಿಕ್ಕವು, ಒಮ್ಮೆ ರೆಕ್ಕೆ ಮುರಿದ ಹದ್ದು ಸಿಕ್ಕಿತು. ಮೊಲ ಸಿಗಲಿಲ್ಲ. ಬೇಲಿಯಾಚೆಯ ಕುರುಚಲಿಗೂ ಒಂದು ದಿನ ಸುತ್ತ ತಗಡಿನ ಶೀಟು ನಿಂತಿತು, ಒಳಗೆ ಮಣ್ಣು ಅಗೆಯುವ ಸದ್ದು ಶುರುವಾಯಿತು. ಇನ್ನು ಮೊಲ ಎಲ್ಲಿಂದ ಬರಬೇಕು ಅಂತ ಅಪ್ಪನಿಗೆ ಹೇಳಿದೆ. ಅವನು ಕೇಳಿಸಿಕೊಂಡ, ಮಾರನೇ ದಿನವೂ ಹೊರಟ.

ಹೀಗಿರುವಾಗಲೇ ಒಂದು ದಿನ ದೊಡ್ಡಪ್ಪ ಕೂತ ಕುರ್ಚಿಯಲ್ಲೇ ಎದೆ ಹಿಡಿದುಕೊಂಡು ತೀರಿಹೋದ. ಅಪ್ಪ ಆಚೆ ಬದಿಗೆ ಹೋದಾಗ ಯಾರೂ ತಡೆಯಲಿಲ್ಲ. ಅಣ್ಣನ ಬಾಯಿಗೆ ಅವನು ಬಿಟ್ಟ ನೀರು ಒಂದು ಹನಿಯೂ ಒಳಗೆ ಹೋಗದೆ ಎಲ್ಲ ಗಲ್ಲದ ಮೇಲೆ ಹರಿದುಹೋಯಿತು. ಅಲ್ಲಿಗೆ ಮುಗಿಯಿತು, ಇನ್ನು ರಸ್ತೆ ಕಾಯುವುದು ಬಿಡುತ್ತಾನೆ ಅಂದುಕೊಂಡೆ. ಮಾರನೇ ಬೆಳಿಗ್ಗೆ ನೋಡಿದರೆ ಟವಲು ಸುತ್ತಿದ ಚೂರಿ ಹಿಡಿದು ಬಾಗಿಲಲ್ಲಿ ನಿಂತಿದ್ದಾನೆ.

ಇನ್ಯಾರಿಗಪ್ಪ ಅಂತ ಕೇಳಿದೆ.

"ತಿಥಿ ಎಡೆಗೆ," ಅಂದ. "ಎಡೆಗಿಟ್ಟಿದ್ದನ್ನ ಅವ್ನು ಬ್ಯಾಡ ಅನ್ನಕಾಗಲ್ವಲ್ಲ."

ನಾನು ಸ್ಕೂಟರ್ ಹೊರಗೆ ತೆಗೆದೆ.