ಮಲ್ಲಿಗೆ ಅರಳುವ ಹೊತ್ತು ಕಾಣದ ಮಾಲಿ

ಬೆಳಗಿನ ಐದು ಗಂಟೆ. ಮುಂಬಯಿ ಪಕ್ಕದ ಠಾಣೆ ಊರಿನಲ್ಲಿ, ಖಾಡಿಯ ಹಿನ್ನೀರಿನ ಕಡೆಗಿರುವ ಹಳೆಯ ಬಂಗಲೆಯ ಹಿತ್ತಿಲಲ್ಲಿ ಒಬ್ಬ ಮನುಷ್ಯ ಮೊಬೈಲಿನ ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು ಮಲ್ಲಿಗೆ ಗಿಡದ ಮುಂದೆ ಬಗ್ಗಿದ್ದಾರೆ. ಎರಡೂ ಕೈ ಓಡುತ್ತಿವೆ. ಮೊಗ್ಗಿನ ತೊಟ್ಟಿಗೆ ಉಗುರು ತಾಗಿದ್ದೇ ತಡ, ಸೊಂಟಕ್ಕೆ ಕಟ್ಟಿದ ಪಂಚೆಯ ಮಡಿಲಿಗೆ ಅದು ಬಿದ್ದಾಗಿರುತ್ತದೆ. ಒಟ್ಟು ಇಪ್ಪತ್ತೆರಡು ಗಿಡ. ಬಿಸಿಲು ಬರುವುದರೊಳಗೆ ಯಾವುದರಲ್ಲೂ ಒಂದು ಮೊಗ್ಗೂ ಉಳಿಯಬಾರದು.

ಟಾರ್ಚನ್ನು ಬಾಯಿಂದ ತೆಗೆದು ಅವರು ಹೇಳುತ್ತಾರೆ: "ಉಳಿದ್ರೆ ಸಾಯಂಕಾಲ ಗಿಡದಲ್ಲೇ ಅರಳ್ತದೆ ಮಾರಾಯ್ರೆ. ಅರಳಿದ್ದನ್ನು ಕಟ್ಲಿಕ್ಕೆ ಆಗ್ತದಾ? ಅದು ಹೋಯ್ತು ಅಂತ ಲೆಕ್ಕ."

ಇವರು ಲೋಕನಾಥ, ವಯಸ್ಸು ಐವತ್ತೆಂಟು. ಈ ಬಂಗಲೆಯ ಮಾಲಿಯಾಗಿ ಮೂವತ್ತೊಂದು ವರ್ಷ. ಠಾಕುರ್ಲಿಯ ಒಂದು ಕೋಣೆಯ ಮನೆಯಿಂದ ನಾಲ್ಕು ಗಂಟೆಗೆ ಹೊರಟು ಮೊದಲ ಲೋಕಲ್ ರೈಲು ಹಿಡಿದು ಬರುತ್ತಾರೆ, ಮಧ್ಯಾಹ್ನ ಎರಡಕ್ಕೆ ಹೊರಡುತ್ತಾರೆ. ಬಂಗಲೆ ನೋಡಲು ಟಿಕೆಟ್ ತೆಗೆದು ಜನ ಬರುವುದು ಮೂರರ ನಂತರ. ಹಾಗಾಗಿ ತೋಟ ನೋಡಿ ಹೊಗಳುವ ಯಾರೂ ತೋಟ ಮಾಡಿದವನನ್ನು ನೋಡುವುದಿಲ್ಲ. ಹಾಗೆ ನೋಡದಿರಲಿ ಎಂದೇ ಈ ಸಮಯ ಇಟ್ಟಿದ್ದಾರೋ ಏನೋ.

ಮಲ್ಲಿಗೆಗೆ ಹೆಸರಾದ ಕರಾವಳಿಯ ಶಂಕರಪುರದ ಕಡೆಯವರು. ಅಮ್ಮ ಬೇರೆಯವರ ತೋಟದಲ್ಲಿ ಮೊಗ್ಗು ಕೀಳುತ್ತಿದ್ದರು. ಆರನೇ ಕ್ಲಾಸಿಗೆ ಶಾಲೆ ಮುಗಿಯಿತು. ಹದಿನಾಲ್ಕಕ್ಕೆ ಮುಂಬಯಿ ಬಸ್ಸು ಹತ್ತಿದರು. ರಬಾಳೆಯ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಹದಿಮೂರು ವರ್ಷ ಗ್ಲಾಸು ತೊಳೆದು, ಚಾ ಸೋಸಿದರು. ಬಂಗಲೆಯ ಆಗಿನ ಒಡತಿ ಒಬ್ಬ ಮಾಲಿಗಾಗಿ ಹುಡುಕುತ್ತಿದ್ದಾಗ ಕ್ಯಾಂಟೀನಿನ ಯಜಮಾನರು ಇವರನ್ನು ಕಳಿಸಿದರು. ಮೊದಲ ಸಲ ಊರಿಗೆ ಹೋಗಿ ಬರುವಾಗ ಆರು ಮಲ್ಲಿಗೆ ಕಡ್ಡಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಬಸ್ಸಿನಲ್ಲಿ ರಾತ್ರಿಯಿಡೀ ತೊಡೆಯ ಮೇಲಿಟ್ಟುಕೊಂಡು ತಂದರು. ಎರಡು ಸತ್ತವು. ನಾಲ್ಕು ಬದುಕಿ ಇಪ್ಪತ್ತೆರಡಾದವು.

ಊರಿನ ಲೆಕ್ಕದಲ್ಲಿ ಎಂಟುನೂರು ಮೊಗ್ಗಿಗೆ ಒಂದು ಚೆಂಡು. ಏಪ್ರಿಲಿನಲ್ಲಿ ದಿನಕ್ಕೆ ಎರಡು ಚೆಂಡಿಗಾಗುವಷ್ಟು ಸಿಗುತ್ತದೆ. ಒದ್ದೆ ಬಟ್ಟೆಯಲ್ಲಿ ಸುತ್ತಿ ಮನೆಗೊಯ್ದರೆ ಹೆಂಡತಿ ನಳಿನಾಕ್ಷಿ ಬಾಳೆನಾರಿನಲ್ಲಿ ಕಟ್ಟುತ್ತಾರೆ. ಠಾಕುರ್ಲಿಯ ಎರಡು ದೇವಸ್ಥಾನಕ್ಕೆ, ನಮ್ಮ ಕನ್ನಡದವರ ನಾಲ್ಕು ಮನೆಗೆ ಅದು ಹೋಗುತ್ತದೆ. ಒಡತಿ ಇದ್ದಾಗ ಕೊಟ್ಟ ಅನುಮತಿ ಅದು. ಅವರು ತೀರಿಹೋಗಿ ಬಂಗಲೆ ಟ್ರಸ್ಟಿನ ಕೈಗೆ ಬಂದ ಮೇಲೂ ಯಾರೂ ಬೇಡವೆನ್ನಲಿಲ್ಲ. ಬೇಡವೆನ್ನಲು ಮಾಲಿ ಬೆಳಿಗ್ಗೆ ಏನು ಮಾಡುತ್ತಾನೆ ಎಂದು ಯಾರಿಗಾದರೂ ಗೊತ್ತಿರಬೇಕಲ್ಲ!

ಗೊತ್ತಿಲ್ಲದ್ದು ಎಷ್ಟು ದುಬಾರಿಯಾಯಿತು ಎನ್ನುವುದೇ ಈ ಬರಹ.

ಈ ಜನವರಿಯಲ್ಲಿ ನಿಕಿತಾ ಎಂಬ ಚಿತ್ರಕಲಾವಿದೆ ಪುಣೆಯಿಂದ ಬಂದರು. ಮೂರು ತಿಂಗಳು ಬಂಗಲೆಯ ಮಹಡಿಯಲ್ಲಿದ್ದು ಚಿತ್ರ ಬರೆಯುವುದು, ಕೊನೆಗೆ ಪ್ರದರ್ಶನ ಮಾಡುವುದು ಎಂದು ಟ್ರಸ್ಟಿನ ಕರಾರು. ಹತ್ತು ಗಂಟೆಗೆ ಚಾ ಲೋಟ ಹಿಡಿದು ಕೆಳಗಿಳಿಯುತ್ತಿದ್ದರು. ಲೋಕನಾಥರನ್ನು ಅಣ್ಣ ಎಂಬರ್ಥದಲ್ಲಿ "ದಾದಾ" ಎಂದು ಕರೆದು ಗಿಡಗಳ ಹೆಸರು ಕೇಳಿ ಬರೆದುಕೊಂಡರು. ಬಾವಿಕಟ್ಟೆಯ ಮೇಲೆ ಕೂರಿಸಿ ಅವರ ಎರಡು ಕೈಗಳ ಚಿತ್ರವನ್ನು ಇದ್ದಿಲಿನಲ್ಲಿ ಬರೆದರು.

"ಕೈ ಅಲ್ಲಾಡಿಸ್ಬೇಡಿ ಅಂತಿದ್ರು," ಎಂದು ಲೋಕನಾಥರು ನಗುತ್ತಾರೆ. "ನಂಗೆ ಕೈ ಸುಮ್ಮನೆ ಇಟ್ಟು ಅಭ್ಯಾಸ ಉಂಟಾ?"

ಮಾರ್ಚಿನ ಒಂದು ಸಂಜೆ, ಲೋಕನಾಥರು ಮನೆಗೆ ಹೋದ ಮೇಲೆ, ಅವರ ಕೈತಪ್ಪಿ ಉಳಿದ ಮೂರು ಮೊಗ್ಗುಗಳು ಗಿಡದಲ್ಲಿ ಅರಳುವುದನ್ನು ನಿಕಿತಾ ನೋಡಿದರು. ಪ್ರದರ್ಶನದ ಮುಖ್ಯ ಕೃತಿ ಅಲ್ಲೇ ಹುಟ್ಟಿತು. ಉದ್ಘಾಟನೆಯ ಸಂಜೆ ಗಿಡಗಳ ಸುತ್ತ ಸ್ಟೂಲು ಹಾಕುವುದು. ಅತಿಥಿಗಳು ಐದೂವರೆಯಿಂದ ಏಳರವರೆಗೆ ಮಾತಾಡದೆ ಕೂತು ಇಪ್ಪತ್ತೆರಡು ಗಿಡ ಬಿಳಿಯಾಗುವುದನ್ನು ನೋಡುವುದು. ಅಷ್ಟೇ. ಆ ದಿನ ಮೊಗ್ಗು ಕೀಳಬಾರದೆಂದು ಟ್ರಸ್ಟಿನ ಮ್ಯಾನೇಜರ್ ಯತಿನ್‌ಗೆ ಹೇಳಿದರು. ಯತಿನ್ ಅದನ್ನು ಸ್ಟಾಫಿನ ವಾಟ್ಸಾಪ್ ಗ್ರೂಪಿಗೆ ಹಾಕಿದರು.

ಲೋಕನಾಥರ ಮೊಬೈಲಿನಲ್ಲಿ ಕರೆ ಬರುತ್ತದೆ, ಟಾರ್ಚ್ ಉರಿಯುತ್ತದೆ. ಬೇರೇನೂ ಇಲ್ಲ.

ಏಪ್ರಿಲ್ ಹನ್ನೆರಡು, ಉದ್ಘಾಟನೆಯ ದಿನ. ದೊಡ್ಡ ದೊಡ್ಡವರು ಬರುತ್ತಾರೆಂದು ಮಾತ್ರ ಇವರಿಗೆ ಗೊತ್ತಿತ್ತು. ಬಂದ ಹೆಂಗಸರನ್ನು ಹೂ ಕೊಡದೆ ಒಳಗೆ ಕರೆಯುವುದು ಇವರ ಊರಿನಲ್ಲಿಲ್ಲ. ಬೆಳಗಿನ ಲೋಕಲ್ ಎಲ್ಲಿ ತಪ್ಪುತ್ತದೋ ಎಂದು ಹಿಂದಿನ ರಾತ್ರಿಯೇ ಬಂದು ಚೌಕಿದಾರನ ಕೋಣೆಯಲ್ಲಿ ಮಲಗಿದರು. ನಾಲ್ಕಕ್ಕೆ ಎದ್ದು, ಎಂದೂ ಕೈತಪ್ಪುವ ಒಂದೆರಡನ್ನೂ ಬಿಡದೆ, ಎರಡು ಚೆಂಡಿನಷ್ಟು ಮೊಗ್ಗು ಕೊಯ್ದರು. ಬಾವಿಕಟ್ಟೆಯಲ್ಲಿ ಕೂತು ತಾವೇ ಕಟ್ಟಿ, ತುಂಡು ಮಾಡಿ, ಹಿತ್ತಾಳೆ ತಟ್ಟೆಯಲ್ಲಿಟ್ಟು, ಒದ್ದೆ ಬಟ್ಟೆ ಮುಚ್ಚಿ, ಎರಡಕ್ಕೆ ಹೊರಡದೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಗೇಟಿನ ಬಳಿ ನಿಂತರು.

ಹಿಂದಿನ ದಿನವೆಲ್ಲ ಒಳಗೆ ಚಿತ್ರ ತೂಗುಹಾಕಿ ಸುಸ್ತಾಗಿದ್ದ ನಿಕಿತಾ ಹಿತ್ತಿಲಿಗೆ ಬಂದದ್ದು ಸಂಜೆ ಐದಕ್ಕೆ. ಸ್ಟೂಲುಗಳಿದ್ದವು, ಗಿಡಗಳಿದ್ದವು. ಹಸಿರು ಬಿಟ್ಟರೆ ಏನೂ ಇರಲಿಲ್ಲ.

"ದಾದಾ, ಯೇ ಕ್ಯಾ ಹೋ ಗಯಾ?" ಇದೇನಾಗಿಹೋಯಿತು ಎಂದು ಕೇಳಿದರು.

"ನಾನು ತಟ್ಟೆ ತೋರಿಸಿದೆ," ಎನ್ನುತ್ತಾರೆ ಲೋಕನಾಥ. "ಎಲ್ಲಾ ಉಂಟು ಮೇಡಮ್, ಒಂದೂ ಹಾಳು ಮಾಡ್ಲಿಲ್ಲ ಅಂತ ಹೇಳಿದೆ. ಅವರು ಅಲ್ಲೇ ಕೆಳಗೆ ಕೂತುಬಿಟ್ರು. ಬೈಲಿಲ್ಲ. ನಾನೇ ಸಾರಿ ಹೇಳಿದೆ. ಬೈದಿದ್ರೆ ಒಳ್ಳೇದಿತ್ತು."

ಮರುದಿನವೂ ಮೊಗ್ಗು ಬರುತ್ತದಲ್ಲ, ಮತ್ತೆ ಮಾಡಬಹುದಿತ್ತಲ್ಲ ಎಂದು ಯತಿನ್‌ರನ್ನು ಕೇಳಿದೆ. "ಚೀಫ್ ಗೆಸ್ಟ್ ಮರುದಿನ ಬರ್ತಾರಾ? ಸ್ಟೂಲು ಬಾಡಿಗೆಯದ್ದು, ಅವತ್ತೇ ವಾಪಸ್. ನಾನು ಗ್ರೂಪಲ್ಲಿ ಹಾಕಿದ್ದೆ," ಎಂದರು. ಮಾಲಿ ಆ ಗ್ರೂಪಿನಲ್ಲಿ ಇದ್ದಾರಾ ಎಂದೆ. ಮೊಬೈಲ್ ನೋಡಿ, "ಚೆಕ್ ಮಾಡ್ಬೇಕು," ಎಂದರು.

ಚೆಕ್ ಮಾಡುವುದೇನಿದೆ? ಪ್ರದರ್ಶನದ ಪುಸ್ತಿಕೆ ನೋಡಿದರೆ ಸಾಕು. ಕೊನೆಯ ಪುಟದಲ್ಲಿ ದೀಪ ಹಾಕಿದವರಿಗೆ, ಚೌಕಟ್ಟು ಹೊಡೆದವರಿಗೆ ಹೆಸರು ಹಿಡಿದು ಧನ್ಯವಾದವಿದೆ. ಬಂಗಲೆಯ ಬೆಕ್ಕಿಗೂ ಇದೆ, ಅದರ ಹೆಸರು ಮಿಷ್ಟಿ. ಬೆಕ್ಕಿನ ನಂತರ "ಹಾಗೂ ಮಾಲಿ" ಎಂದಿದೆ. ಒಳಗಿನ ಗೋಡೆಯಲ್ಲಿ ಲೋಕನಾಥರ ಕೈಗಳ ಚಿತ್ರದ ಕೆಳಗಿನ ಚೀಟಿಯಲ್ಲಿ "ಮಾಲಿಯ ಕೈಗಳು, ಇದ್ದಿಲು" ಎಂದಿದೆ. ಇದ್ದಿಲಿಗಾದರೂ ಅದರ ಹೆಸರು ಸಿಕ್ಕಿದೆ!

ಪುಣೆಯಿಂದ ಫೋನಿನಲ್ಲಿ ಮಾತಾಡಿದ ನಿಕಿತಾ ತಪ್ಪು ತನ್ನದೇ ಎನ್ನುತ್ತಾರೆ. "ಮೂರು ತಿಂಗಳು ಅದೇ ಮನೆಯಲ್ಲಿದ್ದೆ. ಒಂದು ದಿನ ಐದು ಗಂಟೆಗೆ ಎದ್ದು ಕಿಟಕಿಯಿಂದ ನೋಡಿದ್ದರೆ ಸಾಕಿತ್ತು. ಅವರ ಕೈ ಬರೆದೆ, ಆ ಕೈ ಏನು ಮಾಡುತ್ತದೆ ಎಂದು ಕೇಳಲೇ ಇಲ್ಲ."

ಉದ್ಘಾಟನೆಯ ನಾಲ್ಕು ದಿನಗಳ ನಂತರ ಲೋಕನಾಥರಿಗೆ ಪತ್ರ ಬಂತು. ಮೇ ಒಂದರಿಂದ ತೋಟದ ಕೆಲಸ ಏಜೆನ್ಸಿಗೆ. ಮೊದಲೇ ಆದ ತೀರ್ಮಾನ, ಹೂವಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಯತಿನ್ ಹೇಳುತ್ತಾರೆ. ಇರಬಹುದು. ಏಜೆನ್ಸಿಯ ನಕ್ಷೆಯಲ್ಲಿ ಮಲ್ಲಿಗೆಯ ಜಾಗದಲ್ಲಿ ಹುಲ್ಲುಹಾಸು ಇರುವುದಂತೂ ನಿಜ.

ಠಾಕುರ್ಲಿಯ ಮನೆಯಲ್ಲಿ ಮಗಳು ಮಾನಸಿಗೆ ಅಪ್ಪನ ಮೇಲೇ ಸಿಟ್ಟು. ಬೇಲಾಪುರದ ಕಚೇರಿಯೊಂದರಲ್ಲಿ ಕೆಲಸ ಮಾಡುವ ಅವಳು ಅಪ್ಪನ ಕನ್ನಡಕ್ಕೆ ಹಿಂದಿಯಲ್ಲೇ ಉತ್ತರಿಸುತ್ತಾಳೆ: "ಪಪ್ಪಾ, ಆಪ್ ಸಾರಿ ಕ್ಯೋಂ ಬೋಲಾ? ಗ್ರೂಪ್ ಮೇ ಆಪ್ ಹೋ ಹೀ ಕಹಾಂ?" ಸಾರಿ ಹೇಳಿದ್ದೇಕೆ, ಆ ಗ್ರೂಪಿನಲ್ಲಿ ನೀವು ಇರುವುದಾದರೂ ಎಲ್ಲಿ ಎಂದು ಅವಳ ಪ್ರಶ್ನೆ.

"ನಾನೂ ಒಂದು ಮಾತು ಕೇಳ್ಬಹುದಿತ್ತಲ್ಲ ಮಗಾ," ಎನ್ನುತ್ತಾರೆ ಲೋಕನಾಥ. "ಕೊಯ್ಯುದಾ ಬೇಡ್ವಾ ಅಂತ. ಮೂವತ್ತೊಂದು ವರ್ಷ ಕೊಯ್ದದ್ದು, ಕೇಳ್ಬೇಕು ಅಂತಲೇ ತಲೆಗೆ ಹೋಗ್ಲಿಲ್ಲ."

ಬಾಳೆನಾರು ಸೀಳುತ್ತಿದ್ದ ನಳಿನಾಕ್ಷಿ ತಲೆ ಎತ್ತದೆ ಸೇರಿಸುತ್ತಾರೆ: "ಇವರು ಆ ಮಲ್ಲಿಗೆಗೆ ಗಂಡ. ನಂಗೆ ಬರೇ ಮೊಗ್ಗು ತಂದುಕೊಡುವ ಪೋಸ್ಟ್‌ಮ್ಯಾನ್. ಇಷ್ಟು ವರ್ಷ ಆಯ್ತು, ಆ ಬಂಗಲೆಯ ಗೇಟು ಯಾವ ಬಣ್ಣ ಅಂತ ನಂಗೆ ಗೊತ್ತಿಲ್ಲ."

ಲೋಕನಾಥರು ಈಗಲೂ ದಿನಾ ಕೊಯ್ಯುತ್ತಿದ್ದಾರೆ. ಕೊಯ್ಯಲೋ ಬಿಡಲೋ ಎಂದು ಈ ಸಲ ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ಆದರೆ ಒಂದು ಯೋಚನೆ ತಲೆಯೊಳಗೆ ಹೊಕ್ಕಿದೆ. ಅಷ್ಟು ದೊಡ್ಡವರನ್ನು ಕರೆದು ತೋರಿಸುವಂಥದ್ದು ಹೂ ಅರಳುವುದರಲ್ಲಿ ಏನಿದೆ? ಉದ್ಘಾಟನೆಯ ದಿನ ಬಿಟ್ಟರೆ ಸಂಜೆ ಇವರು ಯಾವತ್ತೂ ಮನೆಯಲ್ಲಿ. ಚಿಕ್ಕವನಿದ್ದಾಗ ಊರಿನಲ್ಲಿ ಗಿಡದಲ್ಲಿ ಹೂ ಅರಳಿದ್ದು ಕಂಡರೆ ಅಮ್ಮ ತಲೆಗೆ ಮೊಟಕುತ್ತಿದ್ದರು. ತಾನು ನೆಟ್ಟ ಗಿಡ ಮೈತುಂಬ ಅರಳಿದ್ದನ್ನು ಈ ಮನುಷ್ಯ ಒಮ್ಮೆಯೂ ನೋಡಿಲ್ಲ.

ಪ್ರದರ್ಶನ ಮುಗಿಯುವುದು ಏಪ್ರಿಲ್ ಮೂವತ್ತಕ್ಕೆ. ಕೆಲಸದ ಕೊನೆಯ ದಿನವೂ ಅದೇ. ಆ ದಿನ ಕೊಯ್ಯುವುದಿಲ್ಲವೆಂದು ತೀರ್ಮಾನಿಸಿದ್ದಾರೆ. ಸಂಜೆ ಹಿತ್ತಿಲಲ್ಲಿ ಕೂರಬಹುದಾ ಎಂದು ಯತಿನ್‌ರನ್ನು ಕೇಳಿದಾಗ, ಎರಡರ ನಂತರ ಸ್ಟಾಫಿಗೆ ಪ್ರವೇಶವಿಲ್ಲ, ಬರುವುದಾದರೆ ಟಿಕೆಟ್ ತೆಗೆದು ಬನ್ನಿ ಎಂಬ ಉತ್ತರ ಸಿಕ್ಕಿತು.

ಕೇಳಿ ನನಗೆ ಮೈ ಉರಿಯಿತು. ಲೋಕನಾಥರು ಮಡಿಲಿನ ಮೊಗ್ಗುಗಳನ್ನು ಒದ್ದೆ ಬಟ್ಟೆಗೆ ಸುರಿಯುತ್ತಾ ಹೇಳಿದರು:

"ಎರಡು ಟಿಕೆಟ್ ತೆಗಿತೇನೆ. ಅವಳಿಗೂ ಗೇಟಿನ ಬಣ್ಣ ಕಾಣ್ತದೆ. ಸ್ಟೂಲ್ ಇಲ್ಲದಿದ್ರೆ ಪೇಪರ್ ಹಾಸಿ ಕೂರುವ. ಒಂದೇ ಹೆದರಿಕೆ ಮಾರಾಯ್ರೆ, ಅಷ್ಟು ಹೊತ್ತು ನನ್ನ ಈ ಕೈ ಸುಮ್ಮನೆ ಇರ್ತದಾ ಅಂತ."