ತಾತ್ಕಾಲಿಕ ಟೇಬಲ್ಲನ್ನು ನಂಬಿದ ದಿನ

ಈವತ್ತು ಮಾಡಿದ್ದು: ನಳ ಬಂದಾಗ ಎರಡು ಡ್ರಮ್ಮು ನೀರು ತುಂಬಿದೆ, ಪುಂಡಿಸೊಪ್ಪು ಸೋಸಿದೆ, ಅತ್ತೆಯವರ ಕಣ್ಣಿಗೆ ಹನಿ ಹಾಕಿದೆ, ದೇವದುರ್ಗದ ಒಂದು ಹುಡುಗಿಯ ಹೆಸರನ್ನು ನಾಲ್ಕು ಸಲ ಕಳೆದೆ.

ಕೊನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರಾಯಚೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವ ನಾನು, ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ಅರ್ಜಿ ತುಂಬುವ ವೆಬ್‌ಸೈಟನ್ನು ಹುರುಪಿನಿಂದ ಮಾಡಿಕೊಟ್ಟಿದ್ದೆ. ಅರ್ಜಿಗೆ ನಾಲ್ಕು ಪುಟ. ಮೊದಲ ಪುಟದಲ್ಲಿ ಬರೆದದ್ದು ಕೊನೆಯವರೆಗೆ ನೆನಪಿರಬೇಕಲ್ಲ, ಆ ನೆನಪನ್ನು ಡೇಟಾಬೇಸಿನ ತಾತ್ಕಾಲಿಕ ಟೇಬಲ್ಲಿನಲ್ಲಿ, ಅಂದರೆ ಸ್ವಲ್ಪ ಹೊತ್ತಿಗಷ್ಟೇ ಇರುವ ಪಟ್ಟಿಯಲ್ಲಿ, ಇಟ್ಟೆ. ಅದು ಊಟದೆಲೆಯ ಹಾಗೆ, ತೊಳೆದಿಡುವ ಗೋಜಿಲ್ಲ, ತಾನೇ ಹೋಗುತ್ತದೆ. ಮನೆಯಲ್ಲಿ ಹತ್ತು ಸಲ ಪರೀಕ್ಷಿಸಿ ಬೀಗಿದ್ದೂ ಉಂಟು.

ಈವತ್ತು ಮಧ್ಯಾಹ್ನ ಮೂರಕ್ಕೆ ಅರ್ಜಿ ಮುಗಿಯುತ್ತಿತ್ತು. ವೆಬ್‌ಸೈಟಿನಲ್ಲಿ ಕೊಟ್ಟಿದ್ದ ನನ್ನ ನಂಬರಿಗೆ ಒಂದಕ್ಕೆ ಫೋನು ಬಂತು. ದೇವದುರ್ಗದ ಕಂಪ್ಯೂಟರ್ ಅಂಗಡಿಯಿಂದ ಮಹಾದೇವಿ ಎಂಬ ಹುಡುಗಿ.

“ಮೇಡಂ, ಮೂರನೇ ಪುಟಕ್ಕ ಹೋದ್ರ ತಿರುಗಿ ಹೆಸರು ಕೇಳಾಕತ್ತದ್ರಿ. ನಾನೇನು ಹೆಸರು ಬದಲಿ ಮಾಡೀನೇನ್ರಿ?”

ದಿನಾ ಬಸ್ಸಿನಲ್ಲಿ ಓಡಾಡಲು ಅಪ್ಪ ಬಿಡುವುದಿಲ್ಲ, ಹಾಸ್ಟೆಲ್ ಸಿಗದಿದ್ದರೆ ಓದು ಇಲ್ಲಿಗೇ ಸಾಕಂತೆ. ಅದನ್ನು ತಣ್ಣಗೆ ಹೇಳಿದಳು. ನಾನು ಅತ್ತೆಯವರ ಪಕ್ಕದಲ್ಲೇ ಲ್ಯಾಪ್‌ಟಾಪ್ ತೆರೆದು ಕೂತೆ.

ಮಾನ್ವಿ ಬಸ್ಸಿನ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುವುದು ನಮ್ಮ ರೂಢಿ. ಆ ಸೀಟು ಆ ಬಸ್ಸಿಗಷ್ಟೇ. ಹಿಂದೆ ಬಂದ ಬಸ್ಸು ಹತ್ತಿ ‘ನನ್ನ ಟವೆಲ್ ಎಲ್ಲಿ’ ಎಂದರೆ ಕಂಡಕ್ಟರ್ ನಗುತ್ತಾನೆ. ತಾತ್ಕಾಲಿಕ ಟೇಬಲ್ಲೂ ಹಾಗೆಯೇ: ಡೇಟಾಬೇಸಿನ ಯಾವ ಸಂಪರ್ಕದಲ್ಲಿ ಹುಟ್ಟಿತೋ ಅದಕ್ಕಷ್ಟೇ ಕಾಣುತ್ತದೆ. ನಾನೊಬ್ಬಳೇ ಪರೀಕ್ಷಿಸುವಾಗ ಸಂಪರ್ಕವೂ ಒಂದೇ ಇತ್ತು. ಕೊನೆಯ ದಿನದ ನೂಕುನುಗ್ಗಲಿನಲ್ಲಿ ಸರ್ವರು ಹತ್ತಾರು ಸಂಪರ್ಕ ತೆರೆದು, ನಡುವಿನಲ್ಲೇ ಹುಡುಗಿಯನ್ನು ಬೇರೆ ಬಸ್ಸಿಗೆ ಹತ್ತಿಸುತ್ತಿತ್ತು.

ನನ್ನ ಗೊಣಗಾಟ ಕೇಳಿ ಅತ್ತೆ ಕಣ್ಣು ಮುಚ್ಚಿಕೊಂಡೇ ಅಂದರು: “ಓಡಾಡೋರ ಕೈಯಾಗ ಕೊಟ್ರ ಉಳೀತದೇನವಾ? ಗ್ವಾಡಿ ಗೂಡಿನ್ಯಾಗ ಇಡು.”

ಅದೇ ಸರಿಯಾಗಿತ್ತು. ಎಲ್ಲ ಸಂಪರ್ಕಗಳಿಗೂ ಕಾಣುವ ಕಾಯಂ ಟೇಬಲ್ ಮಾಡಿ, ಒಬ್ಬೊಬ್ಬರಿಗೆ ಒಂದು ಗುರುತು, ಒಂದು ಸಾಲು ಕೊಟ್ಟೆ. ಅವಸರಕ್ಕೆ ಎರಡು ಸಲ ತಪ್ಪಿತು. ಎರಡೂವರೆಗೆ ಫೋನು ಮಾಡಿದೆ. ಮಹಾದೇವಿ ಐದನೇ ಸಲ ತುಂಬಿದಳು. ಮೂರನೇ ಪುಟ ದಾಟಿತು, ಹೆಸರು ಕೇಳಲಿಲ್ಲ.

“ಅರ್ಜಿ ನಂಬರ್ ಬಂತ್ರಿ ಮೇಡಂ.” ಆಮೇಲೆ, “ನೀವು ಉಂಡೀರೇನ್ರಿ?”

ಉಂಡಿರಲಿಲ್ಲ. ಕಾಯಂ ಟೇಬಲ್ಲಿಗೂ ಹಳೆಯ ಸಾಲು ಅಳಿಸುವ ದಿನ ಗೊತ್ತುಮಾಡಬೇಕು. ಈವತ್ತು ಮನಸ್ಸು ಬರಲಿಲ್ಲ, ಇದ್ದುಕೊಳ್ಳಲಿ. ಆರಿದ ರೊಟ್ಟಿ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ ಉಂಡೆ. ಅತ್ತೆಯವರಿಗೆ ಆಗಲೇ ನಿದ್ದೆ ಹತ್ತಿತ್ತು. ನಾನು ಪಕ್ಕದಲ್ಲಿ ಅಡ್ಡಾಗಿ, ಆ ಹೆಸರು ಅಲ್ಲೇ ಇದೆಯೇ ಎಂದು ಇನ್ನೆರಡು ಸಲ ನೋಡಿದ ಮೇಲೆ ಮಲಗಿದೆ.